ಹಕ್ಕಿಯ ಲೆಕ್ಕದ ಜೊತೆ ನೀರಿನ ಮಟ್ಟವೂ ಇರಲಿ

ಮಾನ್ಯರೇ,

ಆಲಮಟ್ಟಿ ಹಿನ್ನೀರಿಗೆ ಈ ಸಲ ವಲಸೆ ಹಕ್ಕಿ ಕಡಿಮೆ ಎಂಬ ಮಾತು ಚಳಿಗಾಲ ಬಂತೆಂದರೆ ಕೇಳಿಬರುತ್ತದೆ. ಕಡಿಮೆಯಾದದ್ದು ಹಕ್ಕಿಯೋ, ಅವು ಇಳಿಯುವ ರಾಡಿಯೋ ಎಂಬುದು ಜನವರಿಯ ಒಂದು ಗಣತಿಯಿಂದ ತಿಳಿಯದು.

ಹೆರಕಲ್ ಕಡೆ ಎಲ್ಲರ ಕ್ಯಾಮೆರಾ ರಾಜಹಂಸ, ಪಟ್ಟೆತಲೆ ಹೆಬ್ಬಾತುಗಳತ್ತಲೇ. ತೊಡಕಿರುವುದು ಕೆಸರಂಚಿನ ಸಣ್ಣ ಹಕ್ಕಿಗಳ ಲೆಕ್ಕದಲ್ಲಿ. ಸುಮಾರು 25 ಗ್ರಾಂ ತೂಗುವ ಲಿಟಲ್ ಸ್ಟಿಂಟ್‌ಗೆ ಹಸಿ ರಾಡಿ ಇಲ್ಲವೇ ಎರಡು ಮೂರು ಸೆಂ.ಮೀ. ನೀರು ಬೇಕು, ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ಅರ್ಧ ಗೇಣಿನಷ್ಟು ನೀರಲ್ಲೂ ಮೇಯುತ್ತದೆ. ನೆಲದ ಇಳಿಜಾರು ಸಾವಿರಕ್ಕೆ ಒಂದರಂತಿದ್ದರೆ ನೀರು 10 ಸೆಂ.ಮೀ. ಏರಿದಾಗ ಅಂಚು 100 ಮೀಟರ್ ಹಿಂದೆ ಸರಿಯುತ್ತದೆ, ಸ್ಟಿಂಟ್ ಬೇರೆ ಕಡೆ ಹೋಗುತ್ತದೆ.

ಇದೇ ಕೃಷ್ಣೆ ಬಂಗಾಳ ಕೊಲ್ಲಿ ಸೇರುವ ಮುಖಜಭೂಮಿಯಲ್ಲಿ ಉಬ್ಬರ ನೋಡಿ ಎಣಿಸಬೇಕಾಗುತ್ತದೆ. ಉಬ್ಬರದಲ್ಲಿ ಹಕ್ಕಿಗಳು ದಿಬ್ಬದ ಮೇಲೆ ಗುಂಪಾಗುವುದರಿಂದ ಎಣಿಕೆ ಆಗ, ಮೇವಿನ ಜಾಗ ನೋಡುವುದು ಇಳಿತದಲ್ಲಿ. ನಮ್ಮ ಉಬ್ಬರ ಇಳಿತ ಗೇಟು, ಕಾಲುವೆ, ಟರ್ಬೈನ್‌ಗಳದು. ಜಲಾಶಯದ ಮಟ್ಟ ಪತ್ರಿಕೆಯಲ್ಲೇ ಬರುತ್ತದಲ್ಲ, ಅದನ್ನು ಗಣತಿ ಹಾಳೆಯಲ್ಲಿ ಬರೆಯಲು ಅರ್ಧ ನಿಮಿಷ ಸಾಕು!

ಎಣಿಕೆ ಬೆಳಿಗ್ಗೆಯೇ ಮುಗಿಯಬೇಕು. ಬಿಸಿಲೇರಿದರೆ ಟೆಲಿಸ್ಕೋಪಿನಲ್ಲಿ ನೆಲ ಕುದಿದಂತೆ ಕಂಡು ಉಲ್ಲಂಕಿ ಯಾವುದು, ಸ್ಟಿಂಟ್ ಯಾವುದು ತಿಳಿಯದು. ಸೂರ್ಯ ಬೆನ್ನಿಗಿರಲಿ. ಎರಡೂ ದಂಡೆಯವರು ಒಂದೇ ಹೊತ್ತಿಗೆ ಎಣಿಸಲಿ. ಗಿಡುಗವೊಂದು ಹಾದರೆ ಇಡೀ ಹಿಂಡು ಆಚೆ ದಂಡೆಗೆ ಹಾರಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಮೇವನ್ನೂ ನೋಡಬೇಕು. 10 ಸೆಂ.ಮೀ. ಅಗಲದ ಪೈಪನ್ನು ಅಷ್ಟೇ ಆಳಕ್ಕೆ ರಾಡಿಯಲ್ಲಿ ಒತ್ತಿ, ಪೈಪಿನ ಮೇಲಿನ ಬಾಯಿಗೆ ಅಂಗೈ ಗಟ್ಟಿಯಾಗಿ ಹಿಡಿದು ಎತ್ತಿ, ಅರ್ಧ ಮಿ.ಮೀ. ಜರಡಿಯಲ್ಲಿ ತೊಳೆದರೆ ಕೆಂಪು ಹುಳಗಳು ಉಳಿಯುತ್ತವೆ. ಜಾಗವೊಂದಕ್ಕೆ ಐದು ಮಾದರಿಯಾದರೂ ಬೇಕು, ಹುಳ ಒಂದೇ ಕಡೆ ಗುಂಪಾಗಿರುವುದುಂಟು. ಒಣಗಿ ಬಿರುಕು ಬಿಟ್ಟ ಎರೆಯಲ್ಲಿ ಏನೂ ಸಿಗದು. (ಹಸಿ ಎರೆಗೆ ಇಳಿಯುವವರು ಹಲಗೆ ಒಯ್ಯಲಿ, ಬೂಟು ಹೂತರೆ ಕಾಲಷ್ಟೇ ಮೇಲೆ ಬರುತ್ತದೆ.)

ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿಸಿದ ಮೇಲೆ ಈಗಿನ ಕೆಸರಂಚನ್ನು ಅಳೆಯಲು ಬಾರದು. ಆದ್ದರಿಂದ ಅರಣ್ಯ ಇಲಾಖೆ ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಅದೇ ಜಾಗಗಳಲ್ಲಿ ಗಣತಿ ಮಾಡಿಸಲಿ, ಅಂದೇ ಜಿಪಿಎಸ್ ಹಿಡಿದು ನೀರಂಚನ್ನೂ ಗುರುತಿಸಲಿ.

– ಹಕ್ಕಿ ವೀಕ್ಷಕರು, ಬಾಗಲಕೋಟೆ