ಆಮೆ ಬರುವ ತಿಂಗಳುಗಳಲ್ಲಾದರೂ ದೀಪ ಆರಿಸಿ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ಒಂದು ದಿನದ ಬಿಡುವು ಮಾಡಿಕೊಂಡು, ಜನವರಿಯ ಎರಡನೇ ಶನಿವಾರ ನಾವು ಮನೆಮಂದಿಯೆಲ್ಲ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ, ಕಾರವಾರದ ಸಮೀಪದ ಒಂದು ರೆಸಾರ್ಟಿನಲ್ಲಿ ತಂಗಿದ್ದೆವು. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದರೂ ಘಟ್ಟದ ಮೇಲಿನ ನಮಗೆ ಸಮುದ್ರವೆಂದರೆ ಗೋಕರ್ಣಕ್ಕೆ ಹೋದಾಗ ಕಾಲು ತೊಳೆದು ಬರುವಷ್ಟೇ ಪರಿಚಯ. ಹಾಗಾಗಿ ಗಾಳಿಮರಗಳ ನಡುವೆ ಕಟ್ಟಿದ ಬಲೆಯ ತೊಟ್ಟಿಲಲ್ಲಿ ಮಲಗಿ, ಮುರುಗಲು ಹಣ್ಣಿನ ಪಾನಕ ಕುಡಿಯುತ್ತ, ಮಧ್ಯಾಹ್ನವಿಡೀ ಏನೂ ಮಾಡದೆ ಕಳೆದದ್ದು ನನ್ನ ಮಟ್ಟಿಗೆ ಹೊಸ ಅನುಭವ. ಮೊಮ್ಮಗಳು ಏಡಿಗಳು ಬಿಲದಿಂದ ಹೊರಗೆ ತಂದು ಹರಡಿದ ಮರಳಿನ ಉಂಡೆಗಳನ್ನು ಎಣಿಸುತ್ತ ಕುಳಿತಿದ್ದಳು. ಕತ್ತಲಾಗುತ್ತಿದ್ದಂತೆ ದೂರದಲ್ಲಿ ದೇವಗಡ ದ್ವೀಪದ ದೀಪಸ್ತಂಭ ಮಿನುಗತೊಡಗಿತು. ಊಟ, ಉಪಚಾರ, ಸ್ವಚ್ಛತೆ ಯಾವುದರಲ್ಲೂ ಕೊರತೆಯಿರಲಿಲ್ಲ. ಆ ರೆಸಾರ್ಟಿನ ಹೆಸರು ಹೇಳಿ ದೂರುವುದು ಈ ಪತ್ರದ ಉದ್ದೇಶವಲ್ಲ.

ಆದರೆ ಏಳು ಗಂಟೆಯ ಹೊತ್ತಿಗೆ ಗಾಳಿಮರಗಳಿಗೆ ಬಿಗಿದಿದ್ದ ನಾಲ್ಕು ದೊಡ್ಡ ಬಿಳಿ ದೀಪಗಳು ಸಮುದ್ರದ ಕಡೆಗೆ ಮುಖಮಾಡಿ ಹೊತ್ತಿಕೊಂಡವು. ಆಮೇಲೆ ನಕ್ಷತ್ರವೂ ಇಲ್ಲ, ದೀಪಸ್ತಂಭವೂ ಇಲ್ಲ. ಅಲೆಗಳು ಸಹ ಮದುವೆ ಮಂಟಪದ ಮುಂದಿನ ಅಂಗಳದಂತೆ ಬೆಳ್ಳಗೆ ಕಾಣುತ್ತಿದ್ದವು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕಿಟಕಿಯಿಂದ ನೋಡಿದಾಗ ತೀರದಲ್ಲಿ ನರಪಿಳ್ಳೆಯೂ ಇರಲಿಲ್ಲ, ದೀಪಗಳು ಮಾತ್ರ ಉರಿಯುತ್ತಲೇ ಇದ್ದವು.

ಮರುದಿನ ಬೆಳಿಗ್ಗೆ ನಡೆಯಲು ಹೋದಾಗ, ಬಲೆ ಬಿಡಿಸುತ್ತಿದ್ದ ಹಿರಿಯ ಮೀನುಗಾರರೊಬ್ಬರು ನಮ್ಮನ್ನು ಕರೆದು ಮರಳಿನ ಮೇಲಿನ ಒಂದು ಗುರುತನ್ನು ತೋರಿಸಿದರು. ಸಣ್ಣ ಟ್ರ್ಯಾಕ್ಟರಿನ ಒಂದೇ ಗಾಲಿ ಉರುಳಿದಂತಹ ಗುರುತು ನೀರಿನಂಚಿನಿಂದ ಮೇಲೆ ಬಂದು, ದೀಪದ ಬೆಳಕು ಬೀಳುವ ಜಾಗಕ್ಕೆ ಹತ್ತು ಹೆಜ್ಜೆ ಇರುವಾಗಲೇ ಅರ್ಧಚಂದ್ರಾಕಾರವಾಗಿ ತಿರುಗಿ, ಮತ್ತೆ ನೀರಿಗೇ ಸೇರಿತ್ತು. ಅದು ಮೊಟ್ಟೆಯಿಡಲು ಬಂದ ಕಡಲಾಮೆಯ ಜಾಡು, ಎಲ್ಲಿಯೂ ಗುಂಡಿ ತೋಡಿದ ಗುರುತಿಲ್ಲ, ಬೆಳಕಿಗೆ ಬೆದರಿ ಮರಳಿ ಹೋಗಿದೆ ಎಂದು ಅವರು ವಿವರಿಸಿದರು. ನಾಯಿಗೋ ಮನುಷ್ಯರ ಓಡಾಟಕ್ಕೋ ಹೆದರಿದ್ದರೂ ಇರಬಹುದು ಎಂದು ನಾನು ವಾದಿಸಿ ನೋಡಿದೆ. ಅವರು ನಕ್ಕು, ದೀಪ ಹಾಕುವುದಕ್ಕೆ ಮುಂಚೆ ಇದೇ ಜಾಗದಲ್ಲಿ ಗೂಡುಗಳನ್ನು ಕಂಡಿದ್ದಾಗಿ ಹೇಳಿದರು.

ನಮ್ಮ ಕರಾವಳಿಯ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಹೆಚ್ಚಾಗಿ ಬರುವುದು ನವೆಂಬರಿನಿಂದ ಮಾರ್ಚ್‌ವರೆಗೆ, ಅಂದರೆ ಪ್ರವಾಸಿಗರು ಕಿಕ್ಕಿರಿಯುವ ತಿಂಗಳುಗಳಲ್ಲಿಯೇ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆಗಳಿದ್ದು, ಏಳೆಂಟು ವಾರಗಳಲ್ಲಿ ಮರಿಗಳು ಹೆಚ್ಚಾಗಿ ರಾತ್ರಿಯ ಹೊತ್ತು ಹೊರಬರುತ್ತವೆ. ಕತ್ತಲಿನಲ್ಲಿ ನೆಲಕ್ಕಿಂತ ಸಮುದ್ರದ ಅಂಚು ತುಸು ಬೆಳ್ಳಗೆ ಕಾಣುವುದರಿಂದ ಆ ಬೆಳಕನ್ನು ಹಿಡಿದೇ ಅವು ನೀರಿಗೆ ಇಳಿಯುತ್ತವೆ. ಹಿಂದುಗಡೆ ದೊಡ್ಡ ದೀಪ ಉರಿಯುತ್ತಿದ್ದರೆ ಮರಿಗಳು ಅತ್ತಲೇ ತೆವಳಿ, ಬೆಳಗಾಗುವುದರೊಳಗೆ ನಾಯಿ, ಕಾಗೆ, ಏಡಿಗಳ ಪಾಲಾಗುತ್ತವೆ. ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಗೂಡುಗಳಿಗೆ ಬಲೆ ಕಟ್ಟಿ ಕಾಯುತ್ತಾರೆ, ಮರಿಗಳನ್ನು ಸಮುದ್ರಕ್ಕೆ ಬಿಡುತ್ತಾರೆ. ಆದರೆ ತಾಯಿಯೇ ದಡ ಹತ್ತದಿದ್ದರೆ ಕಾಯುವುದು ಯಾವುದನ್ನು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಈ ಆಮೆಗೆ ರಕ್ಷಣೆಯಿದೆ. ಅದು ಗೂಡು ಕಟ್ಟುವ ಜಾಗಗಳನ್ನು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಅತ್ಯಂತ ಸೂಕ್ಷ್ಮ ವರ್ಗದಲ್ಲಿಯೇ ಸೇರಿಸಿದೆ.

ಕೊಠಡಿ ಬಿಡುವಾಗ ವ್ಯವಸ್ಥಾಪಕರಿಗೆ ಇದನ್ನು ತಿಳಿಸಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, ಕತ್ತಲಿದ್ದರೆ ಅತಿಥಿಗಳು ಹೆದರುತ್ತಾರೆ, ಯಾರಾದರೂ ನೀರಿಗಿಳಿದು ಅನಾಹುತವಾದರೆ ಹೊಣೆ ಯಾರು ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಡೆಯುವ ದಾರಿಗೆ ಮೊಣಕಾಲೆತ್ತರದ, ಮೇಲೆ ಮುಚ್ಚಳವಿರುವ, ಹಳದಿ-ಕೆಂಪು ಬಣ್ಣದ ಮಂದ ದೀಪಗಳು ಸಾಕು; ರಾತ್ರಿ ನೀರಿಗಿಳಿಯುವವರನ್ನು ತಡೆಯಲು ಬೇಕಾದದ್ದು ಕಾವಲುಗಾರ. ತಮ್ಮ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ರವೀಂದ್ರನಾಥ ಠಾಕೂರರು, ಕಾಳಿ ನದಿಯಲ್ಲಿ ದೋಣಿ ಏರಿ ಹೋಗಿ ಬೆಳದಿಂಗಳಿನ ಮರಳ ಮೇಲೆ ನಡೆದು ಬಂದ ರಾತ್ರಿಯನ್ನು ಎಷ್ಟೋ ವರ್ಷಗಳ ಬಳಿಕವೂ ನೆನೆದು ಬರೆದಿದ್ದಾರೆ. ಅದೇ ಕಡಲತೀರಕ್ಕೆ ಅವರ ಹೆಸರಿಟ್ಟ ನಾವು ಬೆಳದಿಂಗಳು ಕಾಣದಂತೆ ದೀಪ ಹಾಕುವುದು ನನಗಂತೂ ವಿಚಿತ್ರವೆನಿಸುತ್ತದೆ.

ರೆಸಾರ್ಟ್ ಮತ್ತು ಹೋಂಸ್ಟೇಗಳಿಗೆ ಪರವಾನಗಿ ಕೊಡುವಾಗ ಮತ್ತು ನವೀಕರಿಸುವಾಗ, ನವೆಂಬರಿನಿಂದ ಮರಿಗಳು ಸಮುದ್ರ ಸೇರುವ ಮೇ ತಿಂಗಳವರೆಗೆ ರಾತ್ರಿ ಎಂಟರ ನಂತರ ಸಮುದ್ರದ ಕಡೆಗೆ ದೀಪ ಉರಿಸಬಾರದೆಂಬ ಷರತ್ತನ್ನು ಜಿಲ್ಲಾಡಳಿತವು ಸೇರಿಸಬೇಕು. ಅದು ಪಾಲನೆಯಾಗುತ್ತಿದೆಯೇ ಎಂದು ಅರಣ್ಯ ಇಲಾಖೆಯವರು ಹಗಲಿನಲ್ಲಿ ಬಂದು ನೋಡಿದರೆ ತಿಳಿಯುವುದಿಲ್ಲ, ರಾತ್ರಿಯೇ ಒಂದು ಸುತ್ತು ಬರಬೇಕಾಗುತ್ತದೆ.

— ಒಬ್ಬ ಅಡಿಕೆ ಬೆಳೆಗಾರ, ಶಿರಸಿ