ಕುಕ್ಕರಹಳ್ಳಿ ಕೆರೆಯ ಆ ಹಿರಿಯರಿಗೆ

ಮೊನ್ನೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನನ್ನ ಮಗಳ ಪ್ರಾಜೆಕ್ಟಿಗೆ ನೆರವಾದ ಹಿರಿಯರೇ, ತುಂಬಾ ಥ್ಯಾಂಕ್ಸ್. ಹೆಸರು ಕೇಳಿದರೆ ನಕ್ಕು ಹೊರಟೇಬಿಟ್ಟಿರಿ!

ಅವಳ ವಿಷಯ ಎರಡನೇ ಮಹಾಯುದ್ಧದ ಒಂದು ದಿನ, 1944ರ ಫೆಬ್ರವರಿ 15. ಈಗಿನ ಪಪುವಾ ನ್ಯೂಗಿನಿಯ ಕವಿಯೆಂಗ್ ಬಂದರಿನ ಬಳಿ ಸಮುದ್ರಕ್ಕೆ ಬಿದ್ದ ಅಮೆರಿಕದ ವಿಮಾನ ಸಿಬ್ಬಂದಿಯನ್ನು ಅಮೆರಿಕ ನೌಕಾಪಡೆಯ ಪೈಲಟ್ ನೇಥನ್ ಗಾರ್ಡನ್, ನೀರಿನ ಮೇಲೆ ಇಳಿಯಬಲ್ಲ ತನ್ನ ಕ್ಯಾಟಲಿನಾ ವಿಮಾನದಲ್ಲಿ ಕಾಪಾಡಿದ ದಿನ. ವಿಮಾನ ನೀರಿಗೆ ಇಳಿಯೋದು ಹೇಗೆ ಅಂದಾಗ, ಕೆರೆಗೆ ಇಳಿಯುತ್ತಿದ್ದ ಹೆಜ್ಜಾರ್ಲೆ ತೋರಿಸಿ, ‘ಹೀಗೇ, ಹೊಟ್ಟೆ ಮೇಲೆ’ ಅಂದಿರಿ. ಇಂಜಿನ್ ಓಡುತ್ತಿದ್ದರೆ ನೀರಲ್ಲಿದ್ದವರನ್ನು ಒಳಗೆ ಎಳೆದುಕೊಳ್ಳಲು ಆಗದು. ಅದಕ್ಕೇ ಜಪಾನಿಯರ ಗುಂಡಿನ ನಡುವೆಯೇ ಗಾರ್ಡನ್ ಅದನ್ನು ಆಫ್ ಮಾಡಿದ. 9 ಜನರನ್ನು ಹೊತ್ತು ಹೊರಟವನು ಮತ್ತೆ 6 ಜನರಿಗಾಗಿ ವಾಪಸ್ ಹೋದ ಅಂದಾಗ ಮಗಳು ಬರೆಯೋದನ್ನೇ ನಿಲ್ಲಿಸಿದಳು. ನೆಟ್‌ನಲ್ಲೂ ಸಿಗುತ್ತೆ, ಅಲ್ವಾ? ಹೀಗೆ ಅರ್ಥವಾಗುತ್ತಿರಲಿಲ್ಲ ಬಿಡಿ.

ಭಾನುವಾರ ಬೆಳಿಗ್ಗೆ ಬರುತ್ತೇವೆ. ಕಾಫಿ ನಮ್ಮದು.