ಹಳಿಯಾಳದ ಶಾಸಕರಿಗೆ: ಶಾಂತಿನಾಥ ದೇಸಾಯಿಯವರಿಗೆ ಒಂದು ಕಪಾಟು ಕೊಡಿ

ಮಾನ್ಯ ಶಾಸಕರೇ, ನಮಸ್ಕಾರ.

ಈಚೆಗೆ ಒಂದು ಗ್ರಂಥಾಲಯದಲ್ಲಿ ‘ಮುಕ್ತಿ’ ಕಾದಂಬರಿ ಇದೆಯಾ ಅಂತ ಕೇಳಿದೆ. ಅಲ್ಲಿದ್ದವರು ಸೀದಾ ಅಧ್ಯಾತ್ಮದ ಕಪಾಟಿನ ಮುಂದೆ ತಂದು ನಿಲ್ಲಿಸಿದರು. ‘ಓಂ ಣಮೋ’ ಆದರೂ ಇದೆಯಾ ಅಂದೆ. ಅದೇ ಕಪಾಟು, ಕೆಳಗಿನ ಸಾಲು, ಸ್ತೋತ್ರಗಳ ಪಕ್ಕ ನೋಡಿ ಅಂದರು. ಎರಡೂ ಇರಲಿಲ್ಲ. ಅಲ್ಲಿ ನಗು ಬಂತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಬೇಜಾರಾಯಿತು.

ಇವನ್ನು ಬರೆದ ಶಾಂತಿನಾಥ ದೇಸಾಯಿ 1929ರಲ್ಲಿ ಹುಟ್ಟಿದ್ದು ನಿಮ್ಮ ಹಳಿಯಾಳದಲ್ಲೇ. ಧಾರವಾಡ, ಮುಂಬೈ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದಿದರು. ಇಂಗ್ಲಿಷ್ ಮೇಷ್ಟ್ರಾದರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಸುತ್ತಲೂ ಮರಾಠಿ, ಕ್ಲಾಸಿನಲ್ಲಿ ಇಂಗ್ಲಿಷ್, ಬರೆಯೋಕೆ ಕೂತರೆ ಕನ್ನಡ! 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿ ಇವರೇ.

ಅಂದಹಾಗೆ, 1961ರಲ್ಲಿ ಬಂದ ‘ಮುಕ್ತಿ’ಯಲ್ಲಿ ಸ್ವಾಮಿಗಳ ಪ್ರವಚನವಿಲ್ಲ. ಪ್ರೀತಿಯ ಗೋಜಲಿನಲ್ಲಿ ಸಿಕ್ಕಿಬಿದ್ದು ಒದ್ದಾಡುವ ಹುಡುಗನ ಕಥೆ ಅದು. ಕನ್ನಡದ ಮೊದಮೊದಲ ನವ್ಯ ಕಾದಂಬರಿಗಳಲ್ಲಿ, ಅಂದರೆ ಒಬ್ಬೊಬ್ಬರ ಒಳಗಿನ ತಳಮಳವನ್ನೇ ಹಿಡಿದು ಬರೆದ ಹೊಸ ಬಗೆಯ ಕಾದಂಬರಿಗಳಲ್ಲಿ, ಒಂದು. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ‘ಕ್ಷಿತಿಜ’ ಅನ್ನುವ ಸಣ್ಣಕಥೆ. ಒಬ್ಬಳೇ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟ ಹುಡುಗಿ ಮಂದಾಕಿನಿ. ಮನೆಯವರ ಕಣ್ಣು ತಪ್ಪಿದ ಮೇಲೆ ತಾನು ಯಾರು ಅಂತ ಸಮುದ್ರದ ಮೇಲೆ ತಡಕಾಡುತ್ತಾಳೆ. ಊರು ಬಿಟ್ಟು ಬೆಂಗಳೂರಿನ ಪಿಜಿ ಸೇರುವ ಇವತ್ತಿನ ಹುಡುಗಿಯರಿಗೆ ಅವಳು ಥಟ್ಟನೆ ಅರ್ಥವಾಗುತ್ತಾಳೆ, ಪುಸ್ತಕ ಕೈಗೆ ಸಿಕ್ಕರೆ.

‘ಓಂ ಣಮೋ’ ಜೈನ ಕುಟುಂಬಗಳ ಒಳಗು ತೋರಿಸುವ ಕಾದಂಬರಿ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ. ದೇಸಾಯಿಯವರು 1998ರಲ್ಲೇ ತೀರಿಕೊಂಡಿದ್ದರು.

ಪುತ್ಥಳಿ ಬೇಡ ಸರ್. ಸರ್ಕಲ್ಲಿಗೆ ಹೆಸರಿಟ್ಟರೆ ಸುಮ್ನೆ ಒಂದು ಬೋರ್ಡು, ಅಷ್ಟೇ ಅಲ್ವಾ? ಹಳಿಯಾಳದಲ್ಲಿ ಅವರ ಎಲ್ಲ ಪುಸ್ತಕಗಳೂ ಒಂದೇ ಕಪಾಟಿನಲ್ಲಿ ಸಿಗಬೇಕು, ಮನೆಗೆ ಒಯ್ಯಲೂ ಕೊಡಬೇಕು. ಅಚ್ಚಿನಲ್ಲಿ ಇಲ್ಲದವನ್ನು ಮತ್ತೆ ಅಚ್ಚು ಹಾಕಿಸೋಕೆ ಸರ್ಕಾರದಲ್ಲಿ ನೀವೊಂದು ಮಾತು ಹೇಳಬೇಕು. ವರ್ಷಕ್ಕೊಂದು ಸಲ ಕಾಲೇಜು ಮಕ್ಕಳು ಅವರದೊಂದು ಕಥೆ ಓದಲಿ. ಹಾರ, ಶಾಲು, ಭಾಷಣ ಇಲ್ಲದಿದ್ದರೂ ನಡೆಯುತ್ತದೆ. ನೀವು ಬಂದು ಹಿಂದಿನ ಬೆಂಚಿನಲ್ಲಿ ಕೂತರೆ ಇನ್ನೂ ಚೆನ್ನ.

ನನ್ನ ಹತ್ತಿರ ಅವರ ಮೊದಲ ಕಥಾಸಂಕಲನ ‘ಮಂಜುಗಡ್ಡೆ’ಯ ಹಳೇ ಪ್ರತಿ ಇದೆ. ಬೈಂಡು ಬಿಟ್ಟಿದೆ. ಕಪಾಟು ಬಂದ ದಿನ ಹೊಲಿಸಿ ತಂದುಕೊಡುತ್ತೇನೆ.

ಇಂತಿ,
ಒಬ್ಬ ಓದುಗ